ಬಚ್ಚಲಿನ ಚಿಲಕ ಯಾರ ಕೈಯಲ್ಲಿ?

(ಎಂಜಿನಿಯರುಗಳು, ಮೇಸ್ತ್ರಿಗಳು, ಆರ್ಕಿಟೆಕ್ಚರ್ ಓದುತ್ತಿರುವ ಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಂಗವಿಕಲರ ಮನೆಗಳನ್ನು ವಿನ್ಯಾಸ ಮಾಡುವವಳು ಅಂತ ನನ್ನ ಪರಿಚಯ ಮಾಡಿಕೊಟ್ಟ ಕೂಡಲೇ ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ "ರ‍್ಯಾಂಪ್ ಹಾಕ್ತಾರೆ ಅನ್ಸುತ್ತೆ" ಅಂದಿದ್ದು ಕೇಳಿಸಿತು. ಹೌದು, ಹಾಕ್ತೀನಿ. ಆದರೆ ರ‍್ಯಾಂಪ್ ಹಾಕಿದ ಮೇಲೂ ಆ ಮನೆಯವರು ಬೆಳಗ್ಗೆ ಎದ್ದು, ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮುಗಿಸಿ, ತಾವೇ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿಯೋಕೆ ಆಗದಿದ್ದರೆ, ಆ ರ‍್ಯಾಂಪ್ ಗೋಡೌನಿಗೆ ಮೂಟೆ ಸಾಗಿಸುವ ಹಲಗೆ ಇದ್ದ ಹಾಗೆ. ಆಳನ್ನು ಒಳಗೆ ತಂದು ಬಿಟ್ಟಿತು, ಅಷ್ಟೇ. ಮನೆಯಲ್ಲಿ ಒಬ್ಬರೇ ಇರಲು ಆಗಬೇಕು. ನಾನು ಪ್ಲಾನ್ ನೋಡುವುದು ಈ ಒಂದೇ ಕಣ್ಣಿನಿಂದ.

ನನ್ನ ಹತ್ತಿರ ಬರುವವರು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಮಗನೋ ಮಗಳೋ ಫೋನ್ ಮಾಡುತ್ತಾರೆ. "ಅಪ್ಪನಿಗೆ ಸ್ಟ್ರೋಕ್ ಆಗಿದೆ ಮೇಡಂ, ಶುಕ್ರವಾರ ಡಿಸ್ಚಾರ್ಜ್ ಅಂತಿದ್ದಾರೆ, ಅಷ್ಟರೊಳಗೆ ಬಾತ್‌ರೂಮ್ ಸರಿ ಮಾಡ್ಕೊಡ್ತೀರಾ?" ಕೆಲವರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರು. ಕೆಲವರು ಚಿಕ್ಕಂದಿನಲ್ಲಿ ಪೋಲಿಯೋ ಆದವರು, ಈಗ ಐವತ್ತು ದಾಟಿದವರು. ಮೊದಲ ದಿನ ಮಾತಿಗೆ ಕೂತರೆ ಮೇಜಿನ ಸುತ್ತ ಅಣ್ಣ, ಅತ್ತಿಗೆ, ಭಾವ, ಪಕ್ಕದ ಮನೆ ಅಂಕಲ್, ಎಲ್ಲರೂ ಮಾತಾಡುತ್ತಾರೆ. ಯಾರಿಗೋಸ್ಕರ ಮನೆ ಕಟ್ಟುತ್ತಿದ್ದೇವೋ ಅವರೊಬ್ಬರು ಮಾತ್ರ ಸುಮ್ನೆ ಕೂತಿರುತ್ತಾರೆ. ಅವರೆಲ್ಲ ಕೆಟ್ಟವರೇನಲ್ಲ. ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೆ ಆ ಪ್ರೀತಿಯ ಪಟ್ಟಿಯಲ್ಲಿ ಇರುವುದೆಲ್ಲ ನೋಡಿಕೊಳ್ಳುವವರ ಅನುಕೂಲ. ಅವರ ಮಂಚದಿಂದ ಅಡುಗೆಮನೆಗೆ ಕೂಗಿದರೆ ಕೇಳಿಸಬೇಕು. ರೂಮಿಗೆ ಬಾಗಿಲೇ ಬೇಡ, ಪರದೆ ಸಾಕು. ಬಚ್ಚಲಿಗೆ ಚಿಲಕ ಬೇಡ. ಹಾಗಾಗಿ ನಾನು ಹೇಗಾದರೂ ಮಾಡಿ ಉಳಿದವರನ್ನು ಆಚೆ ಕಳಿಸಿ ಅವರನ್ನು ಕೇಳುತ್ತೇನೆ: "ಮನೇಲಿ ಯಾರೂ ಇಲ್ಲ ಅಂದ್ಕೊಳ್ಳಿ. ಏನ್ ಮಾಡ್ತೀರಿ?" ಬಹಳ ಜನ "ಹಾಗೆ ಯಾವತ್ತೂ ಇಲ್ಲ ಬಿಡಿ" ಅಂತಲೇ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ನಿಜವಾದ ಪಟ್ಟಿ ಬರುತ್ತೆ. ಗೇಟಿನ ಹತ್ತಿರ ಹೋಗಿ ಕೂರಬೇಕು. ಬಾಗಿಲು ಹಾಕಿಕೊಂಡು ಫೋನಲ್ಲಿ ಮಾತಾಡಬೇಕು. ರಾತ್ರಿ ಎರಡು ಗಂಟೆಗೆ ಎದ್ದರೆ ಯಾರನ್ನೂ ಎಬ್ಬಿಸಬಾರದು. ಪ್ಲಾನ್ ಹುಟ್ಟೋದು ಅಲ್ಲಿಂದ.

ಈಗ ರ‍್ಯಾಂಪಿಗೇ ಬರೋಣ, ಹೇಗೂ ಎಲ್ಲರೂ ಅದನ್ನೇ ಕೇಳೋದು. ಒಂದಕ್ಕೆ ಹನ್ನೆರಡು ಅನ್ನುವ ಲೆಕ್ಕ ನಿಮಗೆಲ್ಲ ಗೊತ್ತು. ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ನಮ್ಮ ಬೆಂಗಳೂರಿನ 30×40 ಸೈಟಿನಲ್ಲಿ ಪ್ಲಿಂತ್, ಅಂದರೆ ಮನೆಯ ನೆಲದ ಮಟ್ಟ, ಎರಡಡಿ ಎತ್ತರಿಸುವುದು ರೂಢಿ. ಅಂದರೆ ರ‍್ಯಾಂಪೇ 24 ಅಡಿ. ಅದರ ಬುಡದಲ್ಲಿ, ತುದಿಯಲ್ಲಿ ಗಾಲಿಕುರ್ಚಿ ತಿರುಗಿಸೋಕೆ ಐದೈದು ಅಡಿ ಸಮತಟ್ಟು ಜಾಗ. ಪಕ್ಕದಲ್ಲಿ ಬಿಡುವ ಮೂರಡಿ ಓಣಿಯಲ್ಲಿ ಅದು ಕೂರಲ್ಲ, ಯಾಕಂದ್ರೆ ರ‍್ಯಾಂಪಿನ ಅಗಲವೇ ನಾಲ್ಕಡಿ ಬೇಕು. ಆಗ ಏನಾಗುತ್ತೆ? ಮೇಸ್ತ್ರಿ ಮೆಟ್ಟಿಲ ಪಕ್ಕ ಬೈಕ್ ಹತ್ತಿಸುವ ಹಾಗೆ ಕಡಿದಾದ ಒಂದು ಇಳಿಜಾರು ಮಾಡಿ, ಮೇಲೆ ಗೆರೆ ಎಳೆದು, "ಆಯ್ತು ಮೇಡಂ, ರ‍್ಯಾಂಪ್" ಅನ್ನುತ್ತಾರೆ. ಅದರ ಮೇಲೆ ಗಾಲಿಕುರ್ಚಿಯಲ್ಲಿ ಒಬ್ಬರೇ ಹತ್ತಿದರೆ ಹಿಂದಕ್ಕೆ ಮಗುಚಿ ಬೀಳುತ್ತಾರೆ. ಇಳಿಯುವಾಗ ಸೀದಾ ರಸ್ತೆಗೆ.

ನಾನು ಪ್ಲಿಂತನ್ನೇ ಇಳಿಸುತ್ತೇನೆ. ಒಂಬತ್ತು ಇಂಚು ಸಾಕು. ಕಾರು ನಿಲ್ಲಿಸುವ ಜಾಗ ಹೇಗೂ ಹದಿನೈದು ಅಡಿ ಇರುತ್ತೆ ಅಲ್ವಾ, ಆ ನೆಲವನ್ನೇ ಗೇಟಿನಿಂದ ಬಾಗಿಲವರೆಗೆ ಒಂದಕ್ಕೆ ಇಪ್ಪತ್ತರಂತೆ ನಿಧಾನವಾಗಿ ಏರಿಸಿದರೆ ಸರಿಯಾಗಿ ಒಂಬತ್ತು ಇಂಚು ಸಿಗುತ್ತೆ. ಅದನ್ನು ಯಾರೂ ರ‍್ಯಾಂಪ್ ಅಂತ ಗುರುತೂ ಹಿಡಿಯುವುದಿಲ್ಲ. ಬಾಗಿಲ ಮುಂದೆ ಅಡ್ಡಕ್ಕೆ ಒಂದು ಚರಂಡಿ, ಅದರ ಮೇಲೆ ಜಾಲರಿ, ಮಳೆ ನೀರು ಅಲ್ಲೇ ಇಳಿದು ಹೋಗಲಿ. ಜಾಲರಿಯ ಸಂದು ಅರ್ಧ ಇಂಚಿಗಿಂತ ಕಮ್ಮಿ ಇರಲಿ, ಇಲ್ಲದಿದ್ದರೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತೆ. ದೃಷ್ಟಿ ಇಲ್ಲದವರು ಹಿಡಿಯುವ ಬಿಳಿ ಕೋಲಿನ ತುದಿಯೂ ಅಷ್ಟೇ. ಈ ಉಪಾಯ ಎಲ್ಲ ರಸ್ತೆಗೂ ಆಗಲ್ಲ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ರಸ್ತೆ ಮನೆಗಿಂತ ಎತ್ತರವಾದ ಬಡಾವಣೆಗಳನ್ನು ನೀವೂ ನೋಡಿದ್ದೀರಿ. ಅಂಥ ಕಡೆ ಪ್ಲಿಂತ್ ಎತ್ತರವೇ ಇಟ್ಟುಕೊಂಡು, ನಾಲ್ಕಡಿಯೊಳಗೆ ನೇರವಾಗಿ ಏರುವ ಒಂದು ಸಣ್ಣ ಲಿಫ್ಟ್ ಹಲಗೆ ಹಾಕುವುದು ವಾಸಿ. ಯುಪಿಎಸ್‌ಗೆ ಜೋಡಿಸಿಯೇ ಹಾಕಬೇಕು. ಕರೆಂಟ್ ಹೋಗೋದು ಹೊಸ ಸುದ್ದಿ ಏನಲ್ವಲ್ಲ.

ಹೊಸ್ತಿಲಿನದು ಬೇರೆಯದೇ ಕಥೆ. ಮನೆ ಕಟ್ಟುವಾಗ ಎಲ್ಲದಕ್ಕೂ ಹೂಂ ಅಂದ ಅಜ್ಜಿ ಹೊಸ್ತಿಲಿನ ಹತ್ತಿರ ಬಂದಾಗ ನಿಂತುಬಿಡುತ್ತಾರೆ. ಅರಿಸಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆಯುವ ಜಾಗ ಅದು. ಹೊಸ್ತಿಲಿಲ್ಲದೆ ಗೃಹಪ್ರವೇಶ ಹೇಗೆ? ಅವರ ಮಾತು ಸರಿಯೇ. ನಾನು ಅದನ್ನು ತೆಗೆಯಲು ಹೋಗುವುದಿಲ್ಲ, ಹೂತುಬಿಡುತ್ತೇನೆ. ತೇಗದ ತೊಲೆಯೇ ಇರಲಿ, ಅಗಲವೂ ಇರಲಿ, ಆದರೆ ಅದರ ಮೇಲ್ಮೈ ನೆಲದ ಮಟ್ಟಕ್ಕೆ ಬರುವ ಹಾಗೆ ಕೆಳಗೆ ಇಳಿಸಿ ಕೂರಿಸುವುದು. ಎರಡು ಅಂಚಿಗೂ ಹಿತ್ತಾಳೆ ಪಟ್ಟಿ. ದೀಪ ಇಡೋಕೆ ಎರಡು ಪಕ್ಕದ ಗೋಡೆಯಲ್ಲಿ ಸಣ್ಣ ಗೂಡು. ಬಾಗಿಲ ಕೆಳಗಿನ ಸಂದಿನಲ್ಲಿ ಜಿರಳೆ, ಹಲ್ಲಿ ನುಗ್ಗದ ಹಾಗೆ ಬ್ರಶ್ ಪಟ್ಟಿ. ಪೂಜೆಗೆ ಬಂದ ಪುರೋಹಿತರು ಹೊಸ್ತಿಲು ಇದೆಯಾ ಅಂತ ನೋಡುತ್ತಾರೆ, ಎಷ್ಟು ಎತ್ತರ ಇದೆ ಅಂತ ಟೇಪ್ ಹಿಡಿಯುವುದಿಲ್ಲ.

ಇನ್ನು ಬಚ್ಚಲುಮನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕಂದ್ರೆ ಮಾನ ಉಳಿಯೋದು ಹೋಗೋದು ಎಲ್ಲ ಇಲ್ಲೇ.

ಬಾಗಿಲಿನಿಂದ ಶುರು ಮಾಡೋಣ. ನಾವು ಬಚ್ಚಲಿಗೆ ಎರಡೂವರೆ ಅಡಿ ಬಾಗಿಲು ಇಡುತ್ತೇವೆ. ಮೂವತ್ತು ಇಂಚು. ಚೌಕಟ್ಟು ಎರಡು ಕಡೆ ತಲಾ ಎರಡೂವರೆ ಇಂಚು ತಿಂದರೆ ಉಳಿದಿದ್ದು 25. ಬಾಗಿಲು ತೆರೆದು ನಿಂತಾಗ ಅದರ ದಪ್ಪ ಇನ್ನೊಂದು ಇಂಚಿನ ಮೇಲೆ ತಿನ್ನುತ್ತೆ. ಸಾಮಾನ್ಯವಾದ ಗಾಲಿಕುರ್ಚಿಯ ಅಗಲವೇ 25–26 ಇಂಚು, ಅದರ ಮೇಲೆ ಚಕ್ರ ತಳ್ಳುವ ಕೈಗೆ ಜಾಗ ಬೇಡವಾ? ಗೆಣ್ಣು ತರಚಿದವರನ್ನು ಕೇಳಿ. ಓಡಾಡೋಕೆ ಸಿಗುವ ಜಾಗವೇ ಮೂರಡಿ ಇರಲಿ, ಚೌಕಟ್ಟು ಅದರ ಆಚೆಗೆ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲಾ ಪಕ್ಕಕ್ಕೆ ಸರಿಯಬೇಕು. ಒಳಕ್ಕೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ, ಆಚೆಯಿಂದ ಎಷ್ಟು ತಳ್ಳಿದರೂ ತೆರೆಯಲ್ಲ.

ಚಿಲಕದ ಜಗಳ ಶುರುವಾಗೋದು ಇಲ್ಲೇ. "ಒಳಗೆ ಬಿದ್ದರೆ ಏನ್ ಗತಿ, ಚಿಲಕವೇ ಬೇಡ" ಅಂತ ಮನೆಯವರು. ಅವರ ಭಯ ಸುಳ್ಳಲ್ಲ. ಅದಕ್ಕೇ ಒಳಗಿನಿಂದ ಹಾಕಿಕೊಳ್ಳಬಹುದಾದ, ತುರ್ತಿಗೆ ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಬೀಗ ಸಿಗುತ್ತೆ, ಅದನ್ನು ಹಾಕಿ. ಬೆಲ್ಲಿಗೆ ಒಂದು ದಾರ ಕಟ್ಟಿ ಹೆಚ್ಚುಕಮ್ಮಿ ನೆಲ ಮುಟ್ಟುವ ತನಕ ಇಳಿಬಿಡಿ. ನಾಲ್ಕಡಿ ಎತ್ತರದಲ್ಲಿ ಬೆಲ್ ಸ್ವಿಚ್ ಇಟ್ಟರೆ ನೆಲದ ಮೇಲೆ ಬಿದ್ದವರಿಗೆ ಅದು ಸಿಗೋದು ಹೇಗೆ? ಇಷ್ಟು ಮಾಡಿದರೆ ಚಿಲಕ ಒಳಗಿನವರ ಕೈಯಲ್ಲೇ ಉಳಿಯುತ್ತೆ. ಮದುವೆ ವಯಸ್ಸಿನ ಒಬ್ಬ ಹುಡುಗಿ, ಗಾಲಿಕುರ್ಚಿಯಲ್ಲಿ ಓಡಾಡುವವಳು, ಅವಳ ಮನೆಯ ಪ್ಲಾನಿನಲ್ಲಿ ಅವಳಾಗಿಯೇ ಕೇಳಿದ್ದು ಇದೊಂದನ್ನೇ. ಉಳಿದಿದ್ದೆಲ್ಲ ಅಪ್ಪ ಅಮ್ಮ ಕೇಳಿದ್ದು.

ಹಿಡಿಕಂಬಿ ಬಗ್ಗೆ ಮೇಸ್ತ್ರಿಗಳು ದಯವಿಟ್ಟು ಕೇಳಿಸಿಕೊಳ್ಳಿ. ಈಗೆಲ್ಲ ಗೋಡೆ ಗಾಳಿಗುಳ್ಳೆ ತುಂಬಿದ ಹಗುರದ ಎಎಸಿ ಬ್ಲಾಕು, ಇಲ್ಲಾ ಒಳಗೆ ಪೊಳ್ಳಿರುವ ಹಾಲೋ ಬ್ಲಾಕು. ಅದಕ್ಕೆ ಮಾಮೂಲಿ ಪ್ಲಗ್ ಹೊಡೆದು ಸ್ಕ್ರೂ ಹಾಕಿದ ಕಂಬಿ ಟವೆಲ್ ತಡೆದೀತು, ಎಪ್ಪತ್ತು ಕೇಜಿ ಆಳು ಮೈಭಾರ ಹಾಕಿ ಜಗ್ಗಿದರೆ ಟೈಲ್ಸ್ ಸಮೇತ ಕಿತ್ತು ಬರುತ್ತೆ. ಕಂಬಿ ಬರುವ ಕಡೆ ಗೋಡೆಯಲ್ಲೇ ಒಂದು ಕಾಂಕ್ರೀಟ್ ಪಟ್ಟಿ ಹಾಕಿ, ಇಲ್ಲಾ ಆ ಎರಡು ವರಸೆ ಸಾಲಿಡ್ ಬ್ಲಾಕಿನಲ್ಲಿ ಕಟ್ಟಿ. ಈಗ ಅಂಗವಿಕಲರು ಯಾರೂ ಇಲ್ಲದ ಮನೆಯಲ್ಲೂ ಹಾಕಿ. ಟೈಲ್ಸ್ ಹಾಕುವ ಮುಂಚೆ ಒಂದು ಫೋಟೋ ತೆಗೆದು ಓನರಿಗೆ ಕೊಟ್ಟಿರಿ, ಮುಂದೆ ಯಾವತ್ತೋ ಬೇಕಾದಾಗ ಎಲ್ಲಿ ತೂತು ಕೊರೆಯಬೇಕು ಅಂತ ಗೊತ್ತಾಗುತ್ತೆ.

ಕಮೋಡಿನ ಎತ್ತರ ಗಾಲಿಕುರ್ಚಿಯ ಸೀಟಿನಷ್ಟೇ ಇರಬೇಕು, ಸುಮಾರು 18–19 ಇಂಚು. ಯಾವ ಪಕ್ಕ ಜಾಗ ಬಿಡಬೇಕು ಅನ್ನೋದನ್ನು ಯಾವ ಪುಸ್ತಕವೂ ಹೇಳಲ್ಲ, ಆ ಮನುಷ್ಯನೇ ಹೇಳಬೇಕು. ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋದವರಿಗೆ ಕಂಬಿಯೂ ಫಾಸೆಟ್ಟೂ ಬಲಕ್ಕೇ ಬೇಕು. ನಾವೆಲ್ಲ ಶವರ್ ಹಾಕಿಸುತ್ತೇವೆ, ಬಳಸೋದು ಮಾತ್ರ ಬಕೆಟ್ಟು, ಚೊಂಬು. ಹಾಗಾಗಿ ಗೋಡೆಗೆ ಅಂಟಿದ ಹಾಗೆ ಹದಿನೆಂಟು ಇಂಚಿನ ಒಂದು ಜಗಲಿ ಕಟ್ಟುತ್ತೇನೆ, ನಮ್ಮ ಹಳೇ ಮನೆ ಮುಂದಿನ ಜಗಲಿಯ ಎತ್ತರವೇ. ಕುರ್ಚಿಯಿಂದ ಅದರ ಮೇಲೆ ಜಾರಿ ಕೂರಬಹುದು. ಪಕ್ಕದಲ್ಲಿ ಬಕೆಟ್ಟಿಗೆ ಒಂದಡಿಯ ಕಟ್ಟೆ. ಬಗ್ಗಬೇಕಾಗಿಲ್ಲ. ಇನ್ನೊಂದು ವಿಷಯ, ಬೆನ್ನುಹುರಿ ಪೆಟ್ಟಾದವರಿಗೆ ಕಾಲಿನಲ್ಲಿ ಬಿಸಿ ಗೊತ್ತಾಗಲ್ಲ. ಗೀಸರ್ ನೀರು ಸುಟ್ಟು ಬೊಬ್ಬೆ ಬಂದ ಮೇಲೆ ಕಣ್ಣಿಗೆ ಕಂಡಾಗಲೇ ತಿಳಿಯೋದು. ನೀರಿನ ಶಾಖ ಒಂದು ಮಿತಿ ದಾಟದ ಹಾಗೆ ತಡೆಯುವ ನಲ್ಲಿ ಹಾಕಿ. ವಾಷ್ ಬೇಸಿನ್ ಕೆಳಗೆ ಬಿಸಿನೀರಿನ ಪೈಪು ಮಂಡಿಗೆ ತಾಗದ ಹಾಗೆ ಮುಚ್ಚಿ.

ಇಷ್ಟೊತ್ತು ಗಾಲಿಕುರ್ಚಿ ಗಾಲಿಕುರ್ಚಿ ಅಂದೆ. ಪುಸ್ತಕದ ಚಿತ್ರಗಳೂ ಅವೇ, ಐದಡಿ ವೃತ್ತ, ಅದರ ನಡುವೆ ಕುರ್ಚಿ. ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಕುರ್ಚಿಯನ್ನು ಮನೆಯೊಳಗೆ ತರುವುದೇ ಇಲ್ಲ. ಕೈ ಊರಿಕೊಂಡು ನೆಲದ ಮೇಲೆ ಸರಿದಾಡುತ್ತಾರೆ. ಬಯಲುಸೀಮೆಯ ಒಂದು ಊರಿನಲ್ಲಿ ಹಾಗೆ ಓಡಾಡುವ ಒಬ್ಬ ಅಕ್ಕನಿಗೆ ಅಡುಗೆಮನೆ ಮಾಡಬೇಕಿತ್ತು. ಅಣ್ಣಂದಿರು ಗಾಲಿಕುರ್ಚಿಗೆ ಹೊಂದುವ ಗ್ರಾನೈಟ್ ಕಟ್ಟೆ ಮಾಡಿಸೋಣ ಅಂತ ಹಟ ಹಿಡಿದಿದ್ದರು. ಆಕೆ ನಗುತ್ತಾ, "ಕುರ್ಚಿ ಮ್ಯಾಲ ಕುಂತು ರೊಟ್ಟಿ ಹೆಂಗ ಬಡೀಬೇಕ್ರಿ?" ಅಂದರು. ಜೋಳದ ರೊಟ್ಟಿ ನೆಲಕ್ಕೆ ಕೂತು ಭುಜದ ಬಲ ಹಾಕಿ ಬಡಿಯುವ ಕೆಲಸ. ಆ ಬಲ ಆಕೆಗೆ ಬೇಕಾದಷ್ಟಿತ್ತು. ದಿನವಿಡೀ ಮೈಭಾರ ಹೊರುತ್ತಿದ್ದ ತೋಳು ಅಲ್ವಾ.

ಹಾಗಾಗಿ ಇಡೀ ಮನೆಯನ್ನು ನೆಲದಿಂದ ನೋಡಬೇಕಾಯಿತು. ಒಲೆಗೆ ಎಂಟು ಇಂಚಿನ ಕಟ್ಟೆ. ನಲ್ಲಿ ನೆಲದಿಂದ ಒಂದಡಿಗೆ. ಡಬ್ಬಿಗಳ ಗೂಡು ಮೂರಡಿಗೇ ಮುಗಿಯಿತು, ಮೇಲೆ ಬರೀ ಗೋಡೆ. ನೋಡೋಕೆ ಬಂದ ನೆಂಟರಿಗೆಲ್ಲ ಆ ಖಾಲಿ ಗೋಡೆಯದೇ ಚಿಂತೆ, "ಇಲ್ಲೊಂದು ಅಟ್ಟ ಹೊಡಸ್ರಲ್ಲ" ಅಂತ. ಸಿಲಿಂಡರ್ ಹೊರಗೆ, ಒಳಗೆ ಪೈಪು, ವಾಲ್ವ್ ಕೈಗೆ ಸಿಗುವ ಹಾಗೆ ಕೆಳಗೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತೆ, ಮೂಗು ಆ ಎತ್ತರದಲ್ಲೇ ಇರುವವರಿಗೆ ಅದು ಇನ್ನೂ ಅಪಾಯ. ಅದಕ್ಕೆ ಗೋಡೆಯ ಬುಡದಲ್ಲಿ ಹೊರಕ್ಕೆ ತೆರೆಯುವ ಜಾಲರಿ ಇಟ್ಟೆವು, ಇಲಿ ಬರದ ಹಾಗೆ ಸಣ್ಣ ಕಣ್ಣಿನದು. ನೆಲಕ್ಕೆ ಶಹಾಬಾದ್ ಕಲ್ಲು, ಜಾರದಷ್ಟು ಒರಟು, ಅಂಗೈ ತರಚದಷ್ಟು ನಯ ಮಾಡಿಸಿ, ಕಲ್ಲು ಕಲ್ಲಿನ ನಡುವಿನ ಸಂದು ಮಟ್ಟಸವಾಗಿ ತುಂಬಿಸಿದ್ದು. ಅಂಗಳಕ್ಕೂ ಅದೇ ಕಲ್ಲು. ಆದರೆ ಬೇಸಿಗೆ ಮಧ್ಯಾಹ್ನ ಅದು ಕಾದು ಹಂಚಾಗುತ್ತೆ, ಚಪ್ಪಲಿ ಇಲ್ಲದ ಕೈಗೆ ಅದು ಸಾಧ್ಯವೇ ಇಲ್ಲ. ಹಿತ್ತಲಿನ ಬಚ್ಚಲವರೆಗೆ ಚಪ್ಪರ ಎಳೆದೆವು.

ಕಿಟಕಿ ಕೂಡ. ನಾವು ಕಿಟಕಿಯ ಕೆಳಗಿನ ಗೋಡೆ ಮೂರಡಿ ಕಟ್ಟುತ್ತೇವೆ, ಯಾಕೆ ಅಂತ ಯಾರೂ ಕೇಳಿಕೊಳ್ಳಲ್ಲ. ನೆಲಕ್ಕೆ ಕೂತವರಿಗೆ ಅಲ್ಲಿಂದ ಕಾಣೋದು ಆಕಾಶ, ಎದುರು ಮನೆ ತಾರಸಿ. ಆಕೆಗೆ ಓಣಿ ಕಾಣಬೇಕಿತ್ತು, ತರಕಾರಿಯವರನ್ನು ಕೂಗಬೇಕಿತ್ತು. ಒಂದೂವರೆ ಅಡಿಗೆ ಇಳಿಸಿದೆವು. ಗೇಟಿನ ಅಗಳಿಯನ್ನೂ ಇಳಿಸಿದೆವು. ಖರ್ಚು ಅಂತ ಹೇಳೋಕೆ ಇದರಲ್ಲಿ ಏನೂ ಇಲ್ಲ.

ದೃಷ್ಟಿ ಇಲ್ಲದವರ ಮನೆಯಲ್ಲಿ ತೊಂದರೆಯ ಪಟ್ಟಿ ಬೇರೆ. ಅಲ್ಲಿ ದೊಡ್ಡ ಶತ್ರು ಅರ್ಧ ತೆರೆದ ಬಾಗಿಲು, ಹಣೆ ಎತ್ತರದಲ್ಲಿ ತೆರೆದು ನಿಂತ ಕಪಾಟು. ಕೋಲು ಕೆಳಗಿನದನ್ನು ಹೇಳುತ್ತೆ, ಹಣೆಗೆ ಬರೋದನ್ನು ಹೇಳಲ್ಲ. ಆದ್ದರಿಂದ ಸರಿಯುವ ಬಾಗಿಲು. ಅರೆದೃಷ್ಟಿ ಇರುವವರಿಗೆ ಬಣ್ಣದ ವ್ಯತ್ಯಾಸ ಸಾಕು: ಬಿಳಿ ಗೋಡೆಗೆ ಕಪ್ಪು ಸ್ವಿಚ್, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ. ಬಿಳಿ ಟೈಲ್ಸು, ಬಿಳಿ ಕಮೋಡು, ಬಿಳಿ ಬಕೆಟ್ಟು ಅಂತ ಶೋರೂಮಿನಲ್ಲಿ ಮೆಚ್ಚಿ ತಂದ ಬಚ್ಚಲು ಅವರಿಗೆ ಬರೀ ಮಂಜು. ಕಿವಿ ಕೇಳದವರಿಗೆ ಬೆಲ್ ಒತ್ತಿದರೆ ಎಲ್ಲ ರೂಮಲ್ಲೂ ಲೈಟ್ ಮಿನುಗಬೇಕು, ಅಡುಗೆಮನೆಯಿಂದ ಹಾಲ್‌ನಲ್ಲಿ ಇರುವವರ ಮುಖ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗಿ ಕಾಣುತ್ತೆ, ತುಟಿ ಓದೋಕೆ ಆಗಲ್ಲ. ಕೂರುವ ಜಾಗ ಗುರುತು ಮಾಡುವಾಗ ಇದನ್ನೂ ನೋಡಿ.

ಕಾನೂನು ಏನು ಹೇಳುತ್ತೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಅಳತೆಗಳಿಗೆ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಇದೆ, ಚೆನ್ನಾಗಿಯೇ ಇದೆ, ಓದಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇವು ಬರೀ ಸಲಹೆಯ ಹಾಗೆ ಇದ್ದರೆ ಸಾಲದು, ತಪ್ಪಿಸೋಕೆ ಆಗದ ಕನಿಷ್ಠ ನಿಯಮ ಬೇಕು ಅಂತ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. ಆದರೆ ಇದೆಲ್ಲ ಹೆಚ್ಚಾಗಿ ಸಾರ್ವಜನಿಕ ಕಟ್ಟಡಗಳ ಮಾತು. ನಿಮ್ಮ ಸ್ವಂತ ಮನೆ ಬಾಗಿಲು ಎಷ್ಟು ಅಗಲ ಅಂತ ಯಾರೂ ಅಳೆಯೋಕೆ ಬರಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು, ಅವರು ದಿನದ ಬಹುಪಾಲು ಇರೋದು ಮನೆಯಲ್ಲೇ. 2016ರ ಆ ಕಾಯ್ದೆಯಲ್ಲಿ ಸರ್ಕಾರಿ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಾತಿಯೂ ಇದೆ. ನನಗೆ ಸಿಟ್ಟು ಬರೋದು ಇಲ್ಲೇ. ಮೀಸಲಾತಿಯಲ್ಲಿ ಮನೆ ಸಿಗುತ್ತೆ, ಆ ಮನೆಗೆ ಎರಡು ಮೆಟ್ಟಿಲು, ಶೌಚಾಲಯಕ್ಕೆ ಎರಡೂಕಾಲಡಿ ಬಾಗಿಲು! ಹಕ್ಕುಪತ್ರ ಇರುವವರೇ ಒಳಗೆ ಹೋಗೋಕೆ ಆಗದ ಮನೆ.

ದೊಡ್ಡ ಹೆಸರಿನ ಆರ್ಕಿಟೆಕ್ಟುಗಳು ಇಂಥ ಮನೆ ಮಾಡಿಲ್ವಾ ಅಂತ ಒಬ್ಬ ಹುಡುಗ ಕೇಳಿದ. ಮಾಡಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಮನೆ ಇದೆ, ಗಾಲಿಕುರ್ಚಿಯಲ್ಲಿದ್ದ ಕೆನೆತ್ ಲಾರೆಂಟ್ ಅನ್ನುವ ಮಾಜಿ ಸೈನಿಕರಿಗಾಗಿ ಮಾಡಿದ್ದು. 1952ರಲ್ಲಿ ಅವರು ಅಲ್ಲಿಗೆ ಬಂದರು, ಸುಮಾರು 60 ವರ್ಷ ಅಲ್ಲೇ ಬಾಳಿದರು. ಅಂಗವಿಕಲರಿಗಾಗಿ ಕಟ್ಟಡ ಹೀಗಿರಬೇಕು ಅನ್ನುವ ನಿಯಮವೇ ಆ ದೇಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಂದೇ ಅಂತಸ್ತು, ಅಗಲ ಬಾಗಿಲು, ಎಲ್ಲವೂ ಕೂತ ಕಣ್ಣಿನ ಎತ್ತರಕ್ಕೆ. 2014ರಿಂದ ಅದು ಮ್ಯೂಸಿಯಂ. ಇನ್ನೊಂದು ಇದರ ತದ್ವಿರುದ್ಧ. ಫ್ರಾನ್ಸಿನ ಬೋರ್ಡೋ ಹತ್ತಿರ ರೆಮ್ ಕೂಲ್ಹಾಸ್ 1998ರಲ್ಲಿ ಮುಗಿಸಿದ ಮನೆ. ಅಪಘಾತದ ನಂತರ ಗಾಲಿಕುರ್ಚಿಗೆ ಬಂದ ಮನೆಯ ಯಜಮಾನರು ಸರಳವಾದ ಮನೆ ಬೇಡ, ಜಟಿಲವಾದದ್ದೇ ಬೇಕು ಅಂದರಂತೆ, ಇನ್ನು ಮುಂದೆ ಮನೆಯೇ ತಮ್ಮ ಜಗತ್ತು ಅನ್ನೋ ಕಾರಣಕ್ಕೆ. ಕೂಲ್ಹಾಸ್ ಮೂರು ಅಂತಸ್ತು ಮಾಡಿ, ನಡುವೆ ಮೂರು ಮೀಟರ್‌ಗೆ ಮೂರೂವರೆ ಮೀಟರ್ ಅಳತೆಯ ಒಂದು ಕೋಣೆಯನ್ನೇ ಲಿಫ್ಟ್ ಮಾಡಿದರು. ಮೇಜು ಅದರ ಮೇಲೇ. ಕೆಳಗೆ ಬಂದರೆ ಅಡುಗೆಮನೆಯ ಭಾಗ, ಮೇಲೆ ಹೋದರೆ ಮಲಗುವ ಕೋಣೆಯ ಭಾಗ. ನಮ್ಮ ಬಜೆಟ್ಟಿಗೆ ಇವೆರಡೂ ದೂರದ ಮಾತು, ಗೊತ್ತು. ಆದರೆ ಎರಡೂ ಕಡೆ ಆರ್ಕಿಟೆಕ್ಟ್ ಮಾತಾಡಿದ್ದು ಆ ಮನುಷ್ಯನ ಜೊತೆ, ಭಾವನ ಜೊತೆ ಅಲ್ಲ.

ವಾಸ್ತು ಅಡ್ಡ ಬರಲ್ವಾ ಅಂತ ಒಬ್ಬರು. ಅಷ್ಟೇನೂ ಬರಲ್ಲ. ಅಡುಗೆಮನೆ ಆಗ್ನೇಯದಲ್ಲಿರಲಿ, ಮಲಗುವ ಕೋಣೆ ನೈಋತ್ಯದಲ್ಲಿರಲಿ, ಬಾಗಿಲು ಮೂರಡಿ ಇರಬಾರದು ಅಂತ ಯಾವ ದಿಕ್ಕೂ ಹೇಳಿಲ್ಲ. ನಿಜವಾಗಿ ಅಡ್ಡ ಬರೋದು ಕಾರು. ನೆಲಮಹಡಿ ಪೂರ್ತಿ ಕಾರಿಗೆ ಕೊಟ್ಟು, ಮಂಡಿನೋವಿನ ಅಮ್ಮನನ್ನು ಮೊದಲನೇ ಮಹಡಿಗೆ ಹತ್ತಿಸುವ ಮನೆಗಳು ಎಷ್ಟಿಲ್ಲ. ಕಾರಿನ ಪಕ್ಕ ಒಂದು ಕೋಣೆ, ಒಂದು ಬಚ್ಚಲು ಹಿಡಿಸುವ ಹಾಗೆ ಕಂಬಗಳನ್ನು ಮೊದಲೇ ಜೋಡಿಸಿ.

ಕೊನೆಗೆ ಬಾಡಿಗೆ ಮನೆಯ ಪ್ರಶ್ನೆ. ಹಿಂದಿನ ಸಾಲಿನಿಂದ ಒಬ್ಬರು, "ಸ್ವಂತ ಮನೆ ಇರೋರಿಗೆ ಹೇಳಿದ್ರಿ, ನಮಗೆ?" ಅಂದರು. ಒಳ್ಳೆಯ ಪ್ರಶ್ನೆ, ಮೊದಲೇ ಬರಬೇಕಿತ್ತು. ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ್ದನ್ನು ಮಾಡಿಸಿ. ಒಂದಿಂಚು, ಎರಡಿಂಚಿನ ಹೊಸ್ತಿಲಿಗೆ ಎರಡೂ ಕಡೆ ಮರದ ಇಳಿಜಾರು ತುಂಡು. ಬಾಗಿಲು ಪೂರ್ತಿ ಪಕ್ಕಕ್ಕೆ ಹೋಗಿ ನಿಲ್ಲುವ ಕೀಲು ಸಿಗುತ್ತೆ, ಬರೀ ಕೀಲು ಬದಲಾಯಿಸಿದರೆ ಬಾಗಿಲಿನ ದಪ್ಪದಷ್ಟು ಜಾಗ ಉಳಿಯುತ್ತೆ, ಒಂದೊಂದು ಮನೆಯಲ್ಲಿ ಆ ಒಂದಿಂಚೇ ಸಾಕಾಗುತ್ತೆ. ತಿರುಗಿಸುವ ನಲ್ಲಿ ತೆಗೆದು ಸನ್ನೆಯ ಹಾಗೆ ಎತ್ತುವ ನಲ್ಲಿ ಹಾಕಿ, ಹಳೆಯದನ್ನು ಕವರಿನಲ್ಲಿ ಕಟ್ಟಿಟ್ಟಿರಿ. ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ಕುರ್ಚಿಯ ಎತ್ತರಕ್ಕೆ ತನ್ನಿ. ಟೈಲ್ಸಿಗೆ ಗಾಳಿ ಒತ್ತಿ ಅಂಟಿಸುವ ರಬ್ಬರ್ ಬುಡದ ಹಿಡಿಗಳು ಆನ್‌ಲೈನಲ್ಲಿ ಕಮ್ಮಿ ಬೆಲೆಗೆ ಸಿಗುತ್ತವೆ, ಅದನ್ನು ಮಾತ್ರ ನಂಬಬೇಡಿ. ಒದ್ದೆಯಾದರೆ, ಭಾರ ಬಿದ್ದರೆ ಕೈಗೇ ಬಂದುಬಿಡುತ್ತೆ. ಓನರ್ ಹತ್ತಿರ ಕೂತು ಮಾತಾಡಿ, ಆರು ತೂತು ಕೊರೆಯೋಕೆ ಒಪ್ಪಿಸಿ. ಖಾಲಿ ಮಾಡುವಾಗ ವೈಟ್ ಸಿಮೆಂಟ್ ತುಂಬಿ ಕೊಡ್ತೀವಿ ಅಂತ ಹೇಳಿ. ಅಗ್ರಿಮೆಂಟಲ್ಲಿ ಒಂದು ಸಾಲು ಬರೆಸಿಬಿಟ್ಟರೆ ಅಡ್ವಾನ್ಸ್ ವಾಪಸ್ ಕೊಡುವಾಗ ಅದರ ಹೆಸರಲ್ಲಿ ಮುರಿದುಕೊಳ್ಳೋಕೂ ಆಗಲ್ಲ.